ಹೊದಿಕೆಯ ಅಂಚಿನ ಎರಡಕ್ಷರ

ಫ್ರಾನ್ಸಿನ ಕೋನೆ ಹೊಳೆಯ ದಂಡೆಯ ಆ ಊರಿನಲ್ಲಿ ಒಂದು ಮನೆಯ ಮರ್ಯಾದೆ ಎಷ್ಟೆಂದು ತಿಳಿಯಬೇಕಾದರೆ ಯಾರನ್ನೂ ಕೇಳಬೇಕಾಗಿರಲಿಲ್ಲ. ವಸಂತದ ದೊಡ್ಡ ಒಗೆತದ ದಿನ ಹುಲ್ಲುಗಾವಲಿನ ಅಂಚಿಗೆ ಹೋಗಿ ನಿಂತರೆ ಸಾಕಿತ್ತು. ಚಳಿಗಾಲವಿಡೀ ಅಟ್ಟದಲ್ಲಿ ಕೂಡಿಟ್ಟ ಮೈಲಿಗೆ ಬಟ್ಟೆಯನ್ನು ಬೂದಿನೀರಿನಲ್ಲಿ ಬೇಯಿಸಿ, ಹೊಳೆಯಲ್ಲಿ ಜಾಲಿಸಿ, ಹುಲ್ಲಿನ ಮೇಲೆ ಹರವುತ್ತಿದ್ದರು. ಹರವುವಾಗ ಅಕ್ಷರ ಕಸೂತಿ ಮಾಡಿದ ಭಾಗ ಮೇಲಕ್ಕೇ ಬರಬೇಕು. ಅದನ್ನು ಕೆಳಗೆ ಹಾಕಿದವಳು ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದೇ ಅರ್ಥ. ಹೆಂಗಸರು ಸೊಂಟದ ಮೇಲೆ ಕೈಯಿಟ್ಟುಕೊಂಡು ಸಾಲುಸಾಲಾಗಿ ನಡೆದು ನೋಡುತ್ತಿದ್ದರು. ತಮ್ಮ ಹೆಸರನ್ನು ಬರೆಯಲು ಬಾರದ ಮುದುಕಿಯರೂ ಈ ಒಂದು ಓದಿನಲ್ಲಿ ಮಹಾಪಂಡಿತೆಯರು. ಯಾರ ಮನೆಯ ಸೊಸೆ ಎಷ್ಟು ತಂದಳು, ಯಾರ ತವರು ಕೈ ಬಿಗಿಹಿಡಿಯಿತು, ಯಾರದು ಅವಸರದ ಮದುವೆ, ಎಲ್ಲವೂ ಅಲ್ಲಿ ಬೆಳ್ಳಗೆ ಬಿದ್ದುಕೊಂಡಿರುತ್ತಿತ್ತು.

ಒಕ್ತಾವಿ ಮೂಜೊಗೆ ಈ ಓದು ಅನ್ನ ಕೊಡುವ ವಿದ್ಯೆಯೂ ಆಗಿತ್ತು. ಗಂಡ ಸತ್ತ ಮೇಲೆ ಕಿಟಕಿಯ ಪಕ್ಕ ಕಸೂತಿಯ ಚೌಕಟ್ಟು ಹಾಕಿಕೊಂಡು ಕೂತವಳು ಬೆನ್ನು ಬಾಗುವವರೆಗೆ ಏಳಲಿಲ್ಲ. ಪ್ಯಾರಿಸ್ಸಿನ ದೊಡ್ಡ ಮನೆಗಳ ಬಟ್ಟೆ ಅವಳ ಕೈಗೆ ಬರುತ್ತಿತ್ತು. ಕೌಂಟೆಸ್ ಪದವಿಯ ದೊರೆಸಾನಿಯಾದರೆ ಅಕ್ಷರದ ಮೇಲೆ ಕಿರೀಟ, ಕಿರೀಟಕ್ಕೆ ಒಂಬತ್ತು ಮುತ್ತು. ಒಂದು ಮುತ್ತು ಹೆಚ್ಚಾದರೆ ಕೆಲಸ ವಾಪಸು. ಗಂಡ ಸತ್ತವಳ ಕರವಸ್ತ್ರಕ್ಕೆ ಕಪ್ಪು ನೂಲು. ಅಡುಗೆಮನೆಯ ಒರೆಸುಬಟ್ಟೆಗೆ ಕೆಂಪು. ಮದುವೆಯಾಗದ ಹುಡುಗಿಯ ಬಟ್ಟೆಗೆ ತವರುಮನೆತನದ ಅಕ್ಷರ ಒಂದೇ, ಅದರ ಮಗ್ಗುಲಲ್ಲಿ ಜಾಗ ಖಾಲಿ. ನಿಶ್ಚಯವಾದ ಮೇಲೆ ಆ ಜಾಗಕ್ಕೆ ಗಂಡನ ಮನೆತನದ ಅಕ್ಷರ ಬಂದು ಹೆಣೆದುಕೊಳ್ಳುತ್ತದೆ. ಇಟ್ಟ ಹೆಸರಿನ ಅಕ್ಷರ ಹಾಕಿಸುವುದು ನಿನ್ನೆ ಮೊನ್ನೆ ದುಡ್ಡು ಕಂಡವರ ಚಪಲ. ಮದುವೆಯಾಗುವುದು ಎರಡು ಮನೆ; ಹಾಸಿಗೆಯಲ್ಲಿ ಮಲಗುವವರ ಹೆಸರು ಯಾರಿಗೆ ಬೇಕು ಎಂದು ಒಕ್ತಾವಿ ಹೇಳುತ್ತಿದ್ದಳು. ಮೊದಮೊದಲು ಅದನ್ನು ನಗುತ್ತಲೇ ಹೇಳುತ್ತಿದ್ದಳು.

ಅವಳಿಗೆ ಇನ್ನೊಂದು ವಿದ್ಯೆಯೂ ಗೊತ್ತಿತ್ತು. ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಪ್ಯಾರಿಸ್ಸಿನಲ್ಲಿ ನಿಶ್ಚಯಗಳು ಮುರಿಯುತ್ತಿದ್ದವು. ಆಗ ಹೊಲಿದು ಕಳಿಸಿದ ಬಟ್ಟೆ ಪೆಟ್ಟಿಗೆಗಟ್ಟಲೆ ವಾಪಸು ಬರುತ್ತಿತ್ತು: ಹಳೆಯ ಅಕ್ಷರ ತೆಗೆದು ಹೊಸದು ಹಾಕಿ. ಒಕ್ತಾವಿ ಬಟ್ಟೆಯ ಹಿಮ್ಮಗ್ಗುಲಿನಿಂದ ಸಣ್ಣ ಕತ್ತರಿ ತೂರಿಸಿ ನೂಲನ್ನು ಕತ್ತರಿಸುತ್ತಿದ್ದಳು, ಎಳೆ ಎಳೆಯಾಗಿ ಕೀಳುತ್ತಿದ್ದಳು, ಆ ಜಾಗವನ್ನು ಒದ್ದೆ ಮಾಡಿ ಹೆಬ್ಬೆರಳಿನ ಉಗುರಿನಿಂದ ಅಡ್ಡಕ್ಕೂ ಉದ್ದಕ್ಕೂ ತೀಡುತ್ತಿದ್ದಳು. ಅಗಸೆನಾರಿನ ನೇಯ್ಗೆ ಕೂಡಿಕೊಂಡು ತೂತು ಮುಚ್ಚಿಹೋಗುತ್ತಿತ್ತು. "ಪ್ಯಾರಿಸ್ಸಿನವರಿಗಿಂತ ಬಟ್ಟೆಗೇ ಮಾನ ಜಾಸ್ತಿ ಕಣ್ರೇ," ಎಂದು ಜೊತೆಯವರನ್ನು ನಗಿಸುತ್ತಿದ್ದಳು. "ಹಳೇ ಗಂಡನ್ನ ಮರೆತರೂ ಬಾಯಿ ಬಿಡಲ್ಲ."

ಊರವರ ಅಕ್ಷರಗಳನ್ನೆಲ್ಲ ಹೊಲಿದು ಹೊಲಿದು ಕಣ್ಣು ಸವೆಸಿಕೊಂಡವಳಿಗೆ ತನ್ನದೆಂದು ಹೊಲಿದುಕೊಳ್ಳಲು ಇದ್ದದ್ದು ಒಂದೇ, ಮಗಳು ನೊಎಮಿಯ ಮದುವೆಯ ಬಟ್ಟೆ. ಮಗಳು ಇನ್ನೂ ಹಲ್ಲು ಬಿದ್ದ ಬಾಯಲ್ಲಿ ನಗುತ್ತಿದ್ದಾಗಲೇ ಶುರುಮಾಡಿದ್ದಳು. ಹಾಸು, ಹೊದಿಕೆ, ದಿಂಬಿನ ಚೀಲ, ಊಟದ ಮೇಜಿನ ಬಟ್ಟೆ, ಎಲ್ಲದರ ಮೇಲೂ ಮೂಜೊ ಮನೆಯ ಎಂ, ಮಗ್ಗುಲಲ್ಲಿ ಖಾಲಿ ಜಾಗ. ತಾನು ಹರಕು ಹಾಸಿನ ಮೇಲೆ ಮಲಗಿದಳು, ಸಾರಿಗೆ ಹಂದಿಮಾಂಸದ ತುಂಡು ಹಾಕದೆ ಬರೀ ಆಲೂಗಡ್ಡೆ ಬೇಯಿಸಿದಳು, ಅಗಸೆನಾರು ಮಾತ್ರ ಒಳ್ಳೆಯದನ್ನೇ ಕೊಂಡಳು.

ಯುದ್ಧಕ್ಕೆ ಮುಂಚಿನ ವಸಂತದಲ್ಲಿ ವಾಲ್ದನೇರ್ ಮನೆಯ ಕಿರಿಮಗ ಲೂಸಿಯಾಂ ಜೊತೆ ನೊಎಮಿಗೆ ನಿಶ್ಚಯವಾಯಿತು. ಮೆತ್ತನೆ ಮನಸ್ಸಿನ ಹುಡುಗ, ಕೊಳಲು ಊದುತ್ತಿದ್ದ, ಕೆಲಸದಲ್ಲಿ ಸ್ವಲ್ಪ ನಿಧಾನ. ಒಕ್ತಾವಿ ಖಾಲಿ ಜಾಗಗಳಿಗೆಲ್ಲ ವಿ ತುಂಬಿದಳು. ಎಂ ಅಕ್ಷರದ ನಡುವಿನ ತಗ್ಗಿನಲ್ಲಿ ವಿ ಬಂದು ಕೂರುವ ಹಾಗೆ, ಒಂದು ತೋಳು ಎಂ ಮೇಲೆ, ಇನ್ನೊಂದು ಕೆಳಗೆ ಹಾಯುವ ಹಾಗೆ ತಾನೇ ಒಂದು ಹೆಣಿಗೆ ಬರೆದಳು. ಅಂಥದ್ದನ್ನು ಯಾವ ಕೌಂಟೆಸಿಗೂ ಮಾಡಿಕೊಟ್ಟಿರಲಿಲ್ಲ. ಹೊಲಿಗೆ ಮುಗಿಯುವ ಹೊತ್ತಿಗೆ ಯುದ್ಧಕ್ಕೆ ಹೋದ ಲೂಸಿಯಾಂ ಸತ್ತಿದ್ದ. ಊರಿನ ಮೇಯರ್ ಟೋಪಿ ಕೈಯಲ್ಲಿ ಹಿಡಿದು ವಾಲ್ದನೇರ್ ಅಂಗಳ ಹೊಕ್ಕಿದ್ದನ್ನು ಹೊಳೆಯಲ್ಲಿ ಬಟ್ಟೆ ಜಾಲಿಸುತ್ತಿದ್ದ ಹೆಂಗಸರೆಲ್ಲ ನೋಡಿದರು. ನೊಎಮಿ ಅತ್ತಳು, ಬಡವಾದಳು, ವರ್ಷಗಳು ಕಳೆದ ಮೇಲೆ ಮತ್ತೆ ಉಣ್ಣತೊಡಗಿದಳು. ಬಟ್ಟೆ ಬೀರುವಿನಲ್ಲಿ ಲ್ಯಾವೆಂಡರ್ ಒಣಹೂವಿನ ನಡುವೆ ಮಲಗಿತ್ತು.

ಯುದ್ಧ ಮುಗಿದ ಮರುವರ್ಷ ವಾಲ್ದನೇರ್ ಮನೆಯ ಯಜಮಾನಿ ಫಿಲೊಮೆನ್ ಭಾನುವಾರದ ಪೂಜೆ ಮುಗಿಸಿಕೊಂಡು ನೇರ ಒಕ್ತಾವಿಯ ಮನೆಗೆ ಬಂದಳು. ಕಪ್ಪು ಶಾಲಿನ ಗಂಟು ಬಿಚ್ಚದೆಯೇ ಕೂತಳು.

"ಬೀಗ್ರೇ ಅಂತ್ಲೇ ಕರೀತೀನಿ, ಬೇಜಾರಿಲ್ಲ ತಾನೇ?"

"ಕರೀರಿ. ಹಾಗೆ ಕರೆಯೋರು ಇನ್ಯಾರಿದಾರೆ ನಂಗೆ."

"ಲೂಸಿಯಾಂ ಹೋದ. ದೇವರು ಕೊಟ್ಟಿದ್ದ, ದೇವರೇ ತಗೊಂಡ. ಆದ್ರೆ ಅಕ್ಷರ ಹೋಗಿಲ್ವಲ್ಲ. ನಮ್ಮ ಹಿರಿಮಗ ಅಬೆಲ್ ಕೂಡ ವಾಲ್ದನೇರೇ ಅಲ್ವಾ? ಅಷ್ಟು ಚೆನ್ನಾಗಿರೋ ಬಟ್ಟೆ ಹುಳು ತಿನ್ನೋಕೆ ಬಿಡೋದಾ? ಒಂದು ಹೊಲಿಗೆ ಕೂಡ ಮುಟ್ಟೋ ಹಾಗಿಲ್ಲ."

ಒಕ್ತಾವಿ ಬ್ರಾಂದಿಯ ಸಣ್ಣ ಬಟ್ಟಲುಗಳನ್ನು ತೆಗೆಯುವ ನೆವದಲ್ಲಿ ಬೆನ್ನು ತಿರುಗಿಸಿದಳು. ಮುಖದಲ್ಲಿ ಬಂದ ನಗು ಬೀಗಿತ್ತಿಗೆ ಕಾಣಬಾರದಾಗಿತ್ತು. ವಾಲ್ದನೇರ್ ಮನೆಗೆ ಹೊಳೆಯ ಎರಡೂ ದಂಡೆಯಲ್ಲಿ ಹುಲ್ಲಿನ ಭೂಮಿ, ಉಳುವ ಕುದುರೆ ಜೋಡಿ, ಕೊಟ್ಟಿಗೆ ತುಂಬ ಹಸು. ಆದರೆ ನಿಜ ಹೇಳಬೇಕೆಂದರೆ ಅವಳಿಗೆ ಆ ಕ್ಷಣ ಹಸುವಾಗಲಿ ಹುಲ್ಲಾಗಲಿ ಕಾಣಿಸಲಿಲ್ಲ. ತನ್ನ ಎಂ ಮತ್ತು ವಿ ಹುಲ್ಲುಗಾವಲಿನ ಮೇಲೆ ಬಿಸಿಲಿಗೆ ಬಿದ್ದಿರುವುದು, ಊರ ಹೆಂಗಸರು ನಡೆಯುವುದನ್ನು ನಿಲ್ಲಿಸಿ ಬಗ್ಗಿ ನೋಡುತ್ತಿರುವುದು ಕಾಣಿಸಿತು.

ನೊಎಮಿಗೆ ಹೇಳಿದಾಗ ಅವಳು ಬಟಾಣಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಅಮ್ಮ, ಅಬೆಲ್ ನಾಯಿ ನೋಡಿದೀಯಾ?"

"ಯಾವ ನಾಯಿ?"

"ಕಂದು ಬಣ್ಣದ್ದು. ಅವನು ಟೋಪಿ ಸರಿಮಾಡ್ಕೊಳೋಕೆ ಕೈ ಎತ್ತಿದ್ರೂ ಸಾಕು, ಅದು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿಬಿಡುತ್ತೆ."

"ನಾಯಿ ಅಂದ್ಮೇಲೆ ಯಜಮಾನನಿಗೆ ಹೆದರ್ಬೇಕು."

"ನಮ್ಮ ನಾಯಿ ಹೆದರ್ತಿತ್ತಾ?"

"ನಮ್ಮ ನಾಯಿ ಕೋಳಿ ಕದೀತಿತ್ತು. ಸುಮ್ನಿರು."

ಆಮೇಲೆ ಕೀಫರನ ಮಾತು ಬಂತು. ಫ್ಲೋರಿಯಾಂ ಕೀಫರ್ ಕಾಲುವೆಯ ದೋಣಿಯವನು. ಕಲ್ಲಿದ್ದಲು, ಮರಳು ಹೇರಿಕೊಂಡು ಉತ್ತರಕ್ಕೆ ಹೋಗುತ್ತಿದ್ದ, ಬರುತ್ತಿದ್ದ. ಈ ಒಂದು ವರ್ಷದಿಂದ ಅವನ ದೋಣಿಗೆ ಈ ಊರಿನ ಕಟ್ಟೆಯ ಬಳಿಯೇ ರಿಪೇರಿ ಬರುತ್ತಿತ್ತು. ಅದು ದೋಣಿಯ ರೋಗವಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಮದುವೆಯಾಗುತ್ತೀಯಾ ಎಂದು ನೊಎಮಿಯನ್ನು ಕೇಳಿದ್ದ. ಆಗಲಿ ಎನ್ನಲು ಅವಳಿಗೆ ಮನಸ್ಸಿತ್ತು.

"ದೋಣಿಯಲ್ಲಿ ಬೀರು ಎಲ್ಲಿಡ್ತೀಯೇ?" ಎಂದಳು ಒಕ್ತಾವಿ. "ಹುಲ್ಲುಗಾವಲಿಲ್ಲ, ಬಾವಿಯಿಲ್ಲ. ನನ್ನ ಹೊದಿಕೆ ಮೇಲೆ ಕಲ್ಲಿದ್ದಲಿನ ಧೂಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ನಿಂಗೆ ಹಾಸಿಗೇನೇ ಬೇಡ್ವಾ?"

"ಬಟ್ಟೆ ಬೇಡ ಅಂದ್ರೆ ಇಲ್ಲೇ ಬಿಟ್ಟುಹೋಗ್ತೀನಿ. ತಗೊಂಡು ಹೋಗು ಅಂದ್ರೆ ವಿ ಬಿಚ್ಚಿಕೊಡು. ನಾನೇ ಕೂತು ಕೆ ಹೊಲೀತೀನಿ."

ಅವಳು ಎದ್ದು ಹೋಗಿ ಬೀರುವಿನಿಂದ ಊಟದ ಕೈವಸ್ತ್ರ ಒಂದನ್ನು ತಂದು ತಾಯಿಯ ತೊಡೆಯ ಮೇಲೆ ಹಾಸಿದಳು. ಪಕ್ಕದಲ್ಲಿ ಸಣ್ಣ ಕತ್ತರಿ ಇಟ್ಟಳು.

"ಒಂದೇ ಒಂದು ಬಿಚ್ಚಿ ನೋಡು ಅಮ್ಮ. ಕೆಟ್ರೆ ನಾನು ಇನ್ನು ಮಾತೆತ್ತಲ್ಲ."

ಒಕ್ತಾವಿ ಆ ಎರಡಕ್ಷರದ ಮೇಲೆ ಬೆರಳಾಡಿಸಿದಳು. ಒಳಗೆ ದಪ್ಪನೂಲು ತುಂಬಿ ಮೇಲೆ ನುಣುಪಾಗಿ ಹೊಲಿದ ಅಕ್ಷರ, ಕಣ್ಣು ಮುಚ್ಚಿಕೊಂಡರೂ ಬೆರಳಿಗೆ ಸಿಗುವಂಥದ್ದು. ಇದನ್ನೆಲ್ಲ ಬಿಚ್ಚುವುದು. ಊರ ಬಾಯಿಗೆ ಹಾಕಲು ಮುಚ್ಚಳ ಎಲ್ಲಿಂದ ತರುವುದು. ಮೂಜೊ ಹುಡುಗಿ ಸತ್ತವನ ಅಕ್ಷರ ಕಿತ್ತು ದೋಣಿಯವನ ಜೊತೆ ಹೋದಳಂತೆ ಎಂದರೆ, ತಾನು ಹರಕು ಹಾಸಿನ ಮೇಲೆ ಮಲಗಿದ ವರ್ಷಗಳಿಗೆಲ್ಲ ಏನು ಬೆಲೆ ಬಂತು.

"ಬಿಚ್ಚೋಕಾಗಲ್ಲ," ಎಂದಳು. "ಈ ಹೆಣಿಗೆ ಬೇರೆ ಥರದ್ದು. ವಿ ತೆಗೆದ್ರೆ ಎಂ ಕೂಡ ಕಿತ್ಕೊಂಡು ಬರುತ್ತೆ. ಬಟ್ಟೆ ತುಂಬ ತೂತು ಉಳಿಯುತ್ತೆ. ಸಾಯೋವರೆಗೂ ಹೋಗಲ್ಲ ಅದು."

"ನಿಜವಾ?"

"ಚಿಕ್ಕಂದಿನಿಂದ ನಲವತ್ತು ವರ್ಷ ಸೂಜಿ ಹಿಡಿದೋಳು ಹೇಳ್ತಿದೀನಿ."

ನೊಎಮಿ ತಾಯಿಯ ಮುಖವನ್ನು ನೋಡಿದಳು. ಆ ಕಾಲದ ಹುಡುಗಿಯರು ತಾಯಿಯ ಮಾತನ್ನು ಸುಳ್ಳೆಂದು ಎತ್ತಿ ಆಡುತ್ತಿರಲಿಲ್ಲ. ಅದಲ್ಲದೆ ಅವಳು ಎಳವೆಯಿಂದ ಕಂಡ ತಾಯಿ ಸೂಜಿಯ ವಿಷಯದಲ್ಲಿ ಒಂದು ಮಾತೂ ತಪ್ಪು ಆಡಿದವಳಲ್ಲ. ಕೈವಸ್ತ್ರವನ್ನು ಹಳೆಯ ಮಡಿಕೆಯ ಮೇಲೇ ಮಡಿಸಿ ಬೀರುವಿನಲ್ಲಿಟ್ಟಳು. ಆ ಬೇಸಿಗೆ ಕೀಫರನ ದೋಣಿ ಹೋದದ್ದು ಮತ್ತೆ ಈ ಕಟ್ಟೆಗೆ ರಿಪೇರಿಗೆ ಬರಲಿಲ್ಲ.

ಮದುವೆಯ ಹಿಂದಿನ ವಾರ ಬಟ್ಟೆಯನ್ನೆಲ್ಲ ಹೊರಗಿನ ಕೋಣೆಯಲ್ಲಿ ಹರವಿ ಊರ ಹೆಂಗಸರನ್ನು ಕರೆದರು. ಅದು ಅಲ್ಲಿಯ ಪದ್ಧತಿ. ಬಂದವರು ಮೊದಲು ಮುಟ್ಟಿ ನೋಡಿದರು, ಆಮೇಲೆ ತಿರುಗಿಸಿ ಹಿಮ್ಮಗ್ಗುಲ ಹೊಲಿಗೆ ನೋಡಿದರು, ಆಮೇಲೆ ಹೊಟ್ಟೆಯುರಿಯನ್ನು ನುಂಗಿಕೊಂಡು ಹೊಗಳಿದರು. ಒಕ್ತಾವಿ ಎಲ್ಲಕ್ಕಿಂತ ಒಳ್ಳೆಯ ಹಾಸುಹೊದಿಕೆಯ ಜೋಡಿಯೊಂದನ್ನು ನೀಲಿ ಪಟ್ಟಿಯಿಂದ ಕಟ್ಟಿ ಬೇರೆಯಾಗಿ ಇಟ್ಟಿದ್ದಳು. ಅದು ಮದುವೆಯ ಮಂಚಕ್ಕಲ್ಲ. ಸೊಸೆ ಬರುವಾಗಲೇ ತನ್ನ ಹೆಣಕ್ಕೆ ಹೊದಿಸುವ ಬಟ್ಟೆಯನ್ನೂ ತರಬೇಕು, ಬೀರುವಿನ ತಳದಲ್ಲಿ ಇಡಬೇಕು, ಒಗೆಯಬಾರದು, ಬಳಸಬಾರದು. ಮುದಿವಯಸ್ಸಿನಲ್ಲಿ ಕಣ್ಮುಚ್ಚಿದಾಗ ಎರಡು ಮನೆತನದ ಅಕ್ಷರ ಎದೆಯ ಮೇಲೆ ಬರಬೇಕು.

"ಇದು ಎಂಬತ್ತು ವರ್ಷ ಕಾಯ್ಲಿ," ಎಂದು ಫಿಲೊಮೆನ್ ನಕ್ಕಳು. ಎಲ್ಲರೂ ನಕ್ಕರು. ನೊಎಮಿಯೂ ನಕ್ಕಳು ಎಂದು ಒಕ್ತಾವಿ ಆಮೇಲೆ ಬಹಳ ಸಲ ತನಗೆ ತಾನೇ ಹೇಳಿಕೊಂಡಳು.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ಮಾತು ನಮ್ಮಲ್ಲಿ ಮಾತ್ರ ಇದೆ ಎಂದುಕೊಳ್ಳಬೇಡಿ. ವಾಲ್ದನೇರ್ ಮನೆ ಇದ್ದದ್ದು ಹೊಳೆಯ ಆಚೆ, ಸೇತುವೆ ದಾಟಿದರೆ ಸಿಗುವಷ್ಟು ದೂರ. ಆದರೂ ತಾಯಿ ಮಗಳು ಸೇರುತ್ತಿದ್ದದ್ದು ಹಬ್ಬಕ್ಕೆ, ಪೂಜೆಗೆ, ಒಗೆತಕ್ಕೆ. ಎರಡನೆಯ ವಸಂತದ ಒಗೆತದ ದಿನ ಒಕ್ತಾವಿ ಹುಲ್ಲುಗಾವಲಿಗೆ ಎಲ್ಲರಿಗಿಂತ ಮೊದಲು ಹೋದಳು. ವಾಲ್ದನೇರ್ ಮನೆಯ ಸಾಲು ಎಲ್ಲಕ್ಕಿಂತ ಉದ್ದವಾಗಿತ್ತು. ಬಿಸಿಲಿಗೆ ಅವಳ ಎಂ ಮತ್ತು ವಿ ಹೊಳೆಯುತ್ತಿದ್ದವು. ಒಂದು ಹೊದಿಕೆಯಲ್ಲಿ, ಅಕ್ಷರದಿಂದ ಒಂದು ಗೇಣು ಕೆಳಗೆ, ಬೂದಿನೀರಿಗೂ ಹೋಗದ ಕಂದು ಕಲೆಯೊಂದು ಉಳಿದಿತ್ತು. ದಿಂಬಿನ ಚೀಲದ ಮೇಲೂ ಇತ್ತು. ಹೆಂಗಸರ ಹಾಸಿಗೆಯಲ್ಲಿ ಕಲೆ ಬೀಳುವ ಜಾಗ ಯಾವುದೆಂದು ಆ ಊರಿನಲ್ಲಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಿಂಬಿನ ಮೇಲೆ ಬೀಳುವ ಕಲೆ ಬೇರೆ. ಇಡೀ ಊರಿನ ಬಟ್ಟೆ ಓದುತ್ತಿದ್ದವಳು ಅಂದು ಅಕ್ಷರವನ್ನು ಮಾತ್ರ ಓದಿದಳು.

ಬಿಸಿಲಿಗೆ ಇನ್ನಷ್ಟು ಬೆಳ್ಳಗಾಗಲೆಂದು ನೊಎಮಿ ಬಕೆಟ್ಟಿನಿಂದ ಬಟ್ಟೆಗಳ ಮೇಲೆ ನೀರು ಚಿಮುಕಿಸುತ್ತಿದ್ದಳು. ಕೂದಲು ಹಣೆಗೆ ಅಂಟಿತ್ತು. ಒಕ್ತಾವಿ ಅದನ್ನು ಸರಿಮಾಡಲು ಕೈ ಎತ್ತಿದಳು. ಮಗಳು ಕುತ್ತಿಗೆಯನ್ನು ಭುಜದೊಳಕ್ಕೆ ಎಳೆದುಕೊಂಡು ಕಣ್ಣು ಮುಚ್ಚಿಬಿಟ್ಟಳು.

ಒಕ್ತಾವಿಯ ಕೈ ಎತ್ತಿದ ಹಾಗೆಯೇ ಉಳಿದಿತ್ತು.

"ಸೊಳ್ಳೆ ಅನ್ಕೊಂಡೆ," ಎಂದಳು ನೊಎಮಿ.

"ಏಪ್ರಿಲ್‌ನಲ್ಲಿ ಎಲ್ಲಿ ಸೊಳ್ಳೆ."

"ಅಮ್ಮ, ಸ್ವಲ್ಪ ದಿನ ಮನೆಗೆ ಬರ್ಲಾ?"

ಕಂದು ನಾಯಿ ಒಕ್ತಾವಿಯ ಕಣ್ಣ ಮುಂದೆ ಬಂತು. ನೆಲಕ್ಕೆ ಹೊಟ್ಟೆ ಹಚ್ಚಿದ್ದು ಸ್ಪಷ್ಟವಾಗಿ ಬಂತು. ಬಾ ಎನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಮೂರು ಜನ ಹೆಂಗಸರು ಸಾಲಿನ ಆ ತುದಿಯಿಂದ ನೋಡುತ್ತ ಬರುವುದು ಕಾಣಿಸಿತು.

"ಬಟ್ಟೆ ಅವರ ಮನೆ ಸೇರಿ ಆಯ್ತಲ್ಲೇ," ಎಂದಳು ಮೆಲ್ಲಗೆ. "ಬರಿಗೈಲಿ ವಾಪಸ್ ಬಂದೋಳನ್ನ ಊರು ಏನಂತ ಓದುತ್ತೆ? ಒಂದು ಮಗು ಆಗ್ಲಿ. ಮೆತ್ತಗಾಗ್ತಾನೆ."

"ಹೂಂ," ಎಂದು ನೊಎಮಿ ಬಕೆಟ್ಟು ಎತ್ತಿಕೊಂಡಳು. ಹೋಗುವಾಗ ಆ ಕಲೆಯ ಹೊದಿಕೆಯ ಅಂಚನ್ನು ಕಾಲಿನಿಂದ ಸ್ವಲ್ಪ ಮಡಿಚಿದಳು. ಮುಚ್ಚಿದ್ದು ಗಂಡನ ಮಾನವನ್ನೋ ತಾಯಿಯ ಮಾನವನ್ನೋ, ಈಗ ಕೇಳಿದರೆ ಹೇಳುವವರಿಲ್ಲ.

ಮಗು ಆಗಲಿಲ್ಲ, ಆಗುವುದರಲ್ಲಿತ್ತು. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ವಾಲ್ದನೇರ್ ಮನೆಯ ಆಳು ಸೇತುವೆ ದಾಟಿ ಓಡಿಬಂದ. ನೆಲಮಾಳಿಗೆಯ ಮೆಟ್ಟಿಲಲ್ಲಿ ಸೊಸೆಯಮ್ಮ ಜಾರಿದರಂತೆ. ಒಕ್ತಾವಿ ಹೋಗುವ ಹೊತ್ತಿಗೆ ಸಾವಿನ ಮನೆಯ ಪದ್ಧತಿಯಂತೆ ಗಡಿಯಾರವನ್ನು ನಿಲ್ಲಿಸಿದ್ದರು, ಕನ್ನಡಿಗೆ ಬಟ್ಟೆ ಹಾಕಿದ್ದರು. ಅಬೆಲ್ ಅಡುಗೆಮನೆಯಲ್ಲಿ ಮೇಜಿನ ಮೇಲೆ ಮುಷ್ಟಿಗಳನ್ನಿಟ್ಟುಕೊಂಡು ಕೂತಿದ್ದ. ನಾಯಿ ಅವನಿಂದ ಆದಷ್ಟು ದೂರದ ಮೂಲೆಯಲ್ಲಿತ್ತು.

"ಜಾರುತ್ತೆ ಆ ಮೆಟ್ಟಿಲು," ಎಂದ ಅವನು. "ಎಷ್ಟು ಸಲ ಹೇಳಿದ್ದೆ."

ಒಕ್ತಾವಿ ಒಳಗೆ ಹೋದಳು.

ಮಗಳ ಮೈ ತೊಳೆಯುವ ಕೆಲಸವನ್ನು ಇನ್ನೊಬ್ಬರಿಗೆ ಬಿಡಲಿಲ್ಲ. ಬಿಸಿನೀರು, ಮೆತ್ತನೆಯ ಬಟ್ಟೆ ತೆಗೆದುಕೊಂಡು ತಾನೇ ತೊಳೆದಳು. ಮೆಟ್ಟಿಲಿನಿಂದ ಬಿದ್ದ ಗಾಯ ಒಂದು ದಿನದ್ದು. ಅವಳ ಬೆನ್ನಿನ ಮೇಲೆ, ತೋಳಿನ ಒಳಮಗ್ಗುಲಲ್ಲಿ, ಪಕ್ಕೆಯ ಮೇಲೆ ಇದ್ದವು ಬೇರೆ ಬೇರೆ ದಿನಗಳವು: ಹಳದಿಗೆ ತಿರುಗಿದ್ದು, ಹಸಿರಾದದ್ದು, ಇನ್ನೂ ಕಪ್ಪಗಿದ್ದದ್ದು. ಒಕ್ತಾವಿ ಒಂದೊಂದರ ಮೇಲೂ ಬಟ್ಟೆಯನ್ನು ಹಗುರವಾಗಿ ಆಡಿಸಿದಳು, ಈಗಲೂ ನೋಯುತ್ತದೇನೋ ಎನ್ನುವ ಹಾಗೆ. ಅಳು ಬರಲಿಲ್ಲ. ಅಳುವುದಕ್ಕೂ ಒಂದು ಹಕ್ಕು ಬೇಕು, ಅದು ತನಗಿಲ್ಲ ಎಂದು ಅವಳಿಗೆ ಅನ್ನಿಸಿತ್ತು.

ಫಿಲೊಮೆನ್ ಬೀರುವಿನ ತಳದಿಂದ ನೀಲಿ ಪಟ್ಟಿಯ ಕಟ್ಟನ್ನು ತಂದಳು. ಕಣ್ಣು ಅತ್ತು ಊದಿಕೊಂಡಿತ್ತು. ಅವಳೂ ಕಲ್ಲಲ್ಲ. ಮಗನ ಕೈ ಎಂಥದೆಂದು ಅವಳಿಗೆ ಗೊತ್ತಿತ್ತು, ಅವನಪ್ಪನ ಕೈಯಿಂದಲೇ ಗೊತ್ತಿತ್ತು.

"ಎಂಬತ್ತು ವರ್ಷ ಕಾಯ್ಲಿ ಅಂದಿದ್ದೆ ನಾನು," ಎಂದಳು.

ಒಕ್ತಾವಿ ಪಟ್ಟಿ ಬಿಚ್ಚಿದಳು. ಹೊದಿಕೆಯನ್ನು ಕಿಟಕಿಯ ಹತ್ತಿರ ಒಯ್ದು ಕೂತು, ಅಕ್ಷರದ ಭಾಗವನ್ನು ಮೊಣಕಾಲಿನ ಮೇಲೆ ಹರವಿಕೊಂಡಳು. ಸೊಂಟದ ದಾರಕ್ಕೆ ತೂಗುತ್ತಿದ್ದ ಸಣ್ಣ ಕತ್ತರಿ ತೆಗೆದು ಬಟ್ಟೆಯನ್ನು ಮಗುಚಿದಳು.

"ಏನ್ ಮಾಡ್ತಿದೀರ ಬೀಗ್ರೇ?"

"ವಿ ಬಿಚ್ತಿದೀನಿ."

"ಬೇಡ. ಅವಳು ಈ ಮನೆ ಸೊಸೆ. ನಮ್ಮ ಅಕ್ಷರ ಇಲ್ದೆ ಮಣ್ಣಿಗೆ ಹೋಗ್ಬಾರ್ದು. ಜನ ನೋಡ್ತಾರೆ."

"ನಿಮ್ಮ ಮನೆ ಅಕ್ಷರ ಅವಳ ಮೈ ಮೇಲೆ ಬೇಕಾದಷ್ಟಿದೆ. ಬಟ್ಟೆ ಮೇಲೆ ಬೇಡ."

ಫಿಲೊಮೆನ್ ಬಾಗಿಲ ಕಡೆ ಒಮ್ಮೆ ನೋಡಿದಳು. ಅಡುಗೆಮನೆಯಿಂದ ಸದ್ದಿರಲಿಲ್ಲ. ಅವಳು ಮಂಚದ ಕಾಲ ಬಳಿಯ ಕುರ್ಚಿಯಲ್ಲಿ ಕುಸಿದು ಕೂತಳು. ಆಮೇಲೆ, ಬೇರೆ ಏನೂ ತೋಚದೆ, ಕೇಳಿದಳು:

"ತೂತು ಉಳಿಯುತ್ತಂತಲ್ಲ. ಎಂ ಕೂಡ ಕಿತ್ಕೊಂಡು ಬರುತ್ತಂತೆ. ನಿಮ್ಮ ಮಗಳು ನಂಗೆ ಹೇಳಿದ್ಲು. ಒಂದ್ಸಲ ಇಲ್ಲೇ ಕೂತು ಕೈವಸ್ತ್ರ ಒಂದನ್ನ ನೋಡ್ತಾ ಇದ್ಲು, ಕತ್ತರಿ ಹಿಡ್ಕೊಂಡು. ಏನಮ್ಮಾ ಅಂದ್ರೆ, ಬಿಚ್ಚೋಕಾಗಲ್ವಂತೆ ಅತ್ತೆ, ಅಮ್ಮ ಹೇಳಿದಾರೆ ಅಂದ್ಲು. ಮಡಿಸಿ ಒಳಗಿಟ್ಲು."

ಒಕ್ತಾವಿಯ ಕತ್ತರಿ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಆಡತೊಡಗಿತು.

"ಹೌದು," ಎಂದಳು. "ನಾನೇ ಹೇಳಿದ್ದೆ."

ನೂಲು ಎಳೆ ಎಳೆಯಾಗಿ ಬಂತು. ಕಷ್ಟವಾಗಲಿಲ್ಲ. ವಿ ಅಕ್ಷರದ ಒಂದು ತೋಳು ಹೋಯಿತು, ಇನ್ನೊಂದು ಹೋಯಿತು. ಎಂ ಒಂದು ಹೊಲಿಗೆಯೂ ಅಲುಗದೆ ತನ್ನ ಜಾಗದಲ್ಲಿ ನಿಂತಿತ್ತು. ಮಗಳ ಮೈ ತೊಳೆದು ಉಳಿದ ನೀರಿನಲ್ಲಿ ಬೆರಳು ಅದ್ದಿ ಆ ಜಾಗವನ್ನು ಒದ್ದೆ ಮಾಡಿದಳು. ಹೆಬ್ಬೆರಳಿನ ಉಗುರಿನಿಂದ ಅಡ್ಡಕ್ಕೆ ತೀಡಿದಳು, ಉದ್ದಕ್ಕೆ ತೀಡಿದಳು.

ಆಮೇಲೆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಕಣ್ಣು ಮಂಜಾಗಿತ್ತು, ಒರೆಸಿಕೊಂಡು ನೋಡಿದಳು. ಬೆರಳಿನ ತುದಿಯಿಂದ ಮುಟ್ಟಿ ಮುಟ್ಟಿ ನೋಡಿದಳು. ಒಂದಾದರೂ ತೂತು ಉಳಿದಿರಲಿ ಎಂದು ಅವಳು ಆ ಬಟ್ಟೆಯಲ್ಲಿ ಬಹಳ ಹೊತ್ತು ಹುಡುಕಿದಳು. ಒಂದೂ ಉಳಿದಿರಲಿಲ್ಲ.